ಓಡಿಸುವ ಮಾಸ್ತರರು ದಣಿವು ಕಲಿತದ್ದು

ಪರಮಣ್ಣ ಸರ್ ಬಗ್ಗೆ ಬರೆಯಲು ಕೂತರೆ ನನ್ನ ತಪ್ಪೊಂದನ್ನೂ ಹೇಳಲೇಬೇಕಾಗುತ್ತದೆ. ಅದು ಆಮೇಲೆ ಬರುತ್ತದೆ. ಮೊದಲು ಅವರು.

ಮಲ್ಲಟದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಅವರು ಪಿ.ಟಿ. ಮಾಸ್ತರರು, ನಾನು ವಿಜ್ಞಾನದ ಟೀಚರ್. ಒಂದರಿಂದ ಹತ್ತನೇ ತರಗತಿಯವರೆಗೆ ಒಂದೇ ಕಾಂಪೌಂಡು. ನಾನು ದಿನಾ ಮಾನ್ವಿಯಿಂದ ಬಸ್ಸಿಗೆ ಬರುತ್ತಿದ್ದೆ. ನಾನು ಬರುವಷ್ಟರಲ್ಲಿ ಅವರು ಮೈದಾನಕ್ಕೆ ನೀರು ಹೊಡೆಸಿ, ಸುಣ್ಣದ ಗೆರೆ ಎಳೆದು, ಮಕ್ಕಳಿಗೆ ಎರಡು ಸುತ್ತು ಹೊಡೆಸಿರುತ್ತಿದ್ದರು. ಆರಡಿ ಆಳು, ಒಣಕಲು ಮೈ, ದನಿ ಮಾತ್ರ ಊರಾಚೆಗೂ ಕೇಳುವಂಥದ್ದು.

ಅವರ ತಂದೆ ಕುರಿ ಕಾಯುವವರು. ಎಂಟು ವರ್ಷದವರೆಗೆ ಮಗ ಶಾಲೆಯ ಮುಖ ನೋಡಿರಲಿಲ್ಲ. ತಪ್ಪಿಸಿಕೊಂಡ ಟಗರಿನ ಹಿಂದೆ ಆ ಹುಡುಗ ಬರಿಗಾಲಲ್ಲಿ ಕಪ್ಪು ಮಣ್ಣಿನ ಎರಿ ಹೊಲ ದಾಟಿ ಓಡುವುದನ್ನು ಯಾರೋ ಒಬ್ಬ ಮಾಸ್ತರರು ಕಂಡು, ತಂದೆಯನ್ನು ಒಪ್ಪಿಸಿ ಶಾಲೆಗೆ ಹಚ್ಚಿದರಂತೆ. ಅಲ್ಲಿಂದ ತಾಲೂಕು, ಜಿಲ್ಲೆ, ಆಮೇಲೆ ನೌಕರಿ. "ಕಾಲಿನ ಪುಣ್ಯಕ್ಕ ಅನ್ನ ತಿನ್ನಾಕತ್ತೀನ್ರೀ ಟೀಚರ್" ಅನ್ನುತ್ತಿದ್ದರು. ಹೀಗಾಗಿ ಅವರ ಲೆಕ್ಕದಲ್ಲಿ ಓಡುವ ಮಗು ಒಳ್ಳೆಯದು, ಕೂತ ಮಗು ಸೋಮಾರಿ. ಬಡವರ ಮಕ್ಕಳು, ಅದರಲ್ಲೂ ಕುರಿಯವರ ಮಕ್ಕಳು ಕೂತರಂತೂ ಅವರಿಗೆ ಸಂಕಟವೇ ಆಗುತ್ತಿತ್ತು. ಬೇರೆ ಯಾವ ದಾರಿಯೂ ಇಲ್ಲದವರು ಓಡಿಯಾದರೂ ಮುಂದೆ ಬರಲಿ ಅನ್ನುವ ಆಸೆ.

ಅಂಥವರ ಕಣ್ಣಿಗೆ ಬಿದ್ದವಳು ದೇವಿಕಾ. ಊರಾಚೆಯ ಕುರಿಹಟ್ಟಿಯ ಗುರುಸಿದ್ದ, ಆದೆಮ್ಮನ ಮಗಳು. ಆರನೇ ತರಗತಿಯಲ್ಲಿದ್ದಾಗ ಮಾನ್ವಿಯ ತಾಲೂಕು ಕ್ರೀಡಾಕೂಟದಲ್ಲಿ ಆರು ನೂರು ಮೀಟರ್ ಓಟಕ್ಕೆ ಮೊದಲು ಬಂದಿದ್ದಳು. ಹಿಂದೆ ಬಂದವಳು ಇನ್ನೂ ತಿರುವಿನಲ್ಲಿರುವಾಗ ಇವಳು ಮುಗಿಸಿ ಸರ್ ಹತ್ತಿರ ನಿಂತು ನೀರು ಕೇಳುತ್ತಿದ್ದಳು. "ಇದು ನನಗಿಂತ ಗಟ್ಟಿ ಕಾಲು" ಎಂದು ಅವರು ವಾರಗಟ್ಟಲೆ ಸ್ಟಾಫ್ ರೂಮಿನಲ್ಲಿ ಹೇಳಿದರು.

ಆಮೇಲೆ ಕೊರೊನಾ ಬಂತು, ಶಾಲೆ ಮುಚ್ಚಿತು. ಎರಡನೇ ಸಲ ಕೊರೊನಾ ಎದ್ದಾಗ, ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳಲ್ಲಿ, ಕುರಿಹಟ್ಟಿಯ ಹನ್ನೆರಡು ಮನೆಗಳಲ್ಲೂ ಜ್ವರ. ದೇವಿಕಾಳ ಅಜ್ಜಿ ತೀರಿಕೊಂಡಳು. ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಲು ಯಾರೂ ಹೋಗಲಿಲ್ಲ. ಹೋದರೆ ಗಾಡಿಯಲ್ಲಿ ಹಾಕಿಕೊಂಡು ಒಯ್ಯುತ್ತಾರೆ, ಕುರಿ ಯಾರು ಕಾಯಬೇಕು ಎಂಬ ಭಯ. ಅದೇ ತಿಂಗಳು ಮಾನ್ವಿಯಲ್ಲಿ ನಮ್ಮ ಮನೆಗೂ ಬಂತು. ಮಗ ಪ್ರಹ್ಲಾದ ಮೊದಲ ದಿನವೇ ಎಲ್ಲರನ್ನೂ ಪರೀಕ್ಷೆ ಮಾಡಿಸಿದ. ಹತ್ತು ವರ್ಷದ ಮೊಮ್ಮಗಳು ವೃಂದಾಳ ರಿಪೋರ್ಟನ್ನು ನಾನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟೆ.

ಶಾಲೆ ಮತ್ತೆ ತೆರೆದಾಗ ದೇವಿಕಾ ಎಂಟನೆಯ ತರಗತಿ. ಮೊದಲ ದಿನ ಅರ್ಧ ಸುತ್ತಿಗೇ ನಿಂತಳು. ಪರಮಣ್ಣ ಸರ್ ನಕ್ಕು ಬಿಟ್ಟರು: "ಎರಡು ವರ್ಷ ಕುಂತು ಜಡ ಆಗ್ಯಾದ ಮೈ. ಬರ್ತದ ತಗೋ." ಹದಿನೈದು ದಿನವಾದರೂ ಬರಲಿಲ್ಲ. ಅರ್ಧ ಸುತ್ತು ಕಾಲು ಸುತ್ತಾಯಿತು. ಓಡಿದ ಮರುದಿನ ಶಾಲೆಗೇ ಬರುತ್ತಿರಲಿಲ್ಲ. ಒಂದು ದಿನ ಎಲ್ಲರೆದುರು ಅವರ ದನಿ ಏರಿತು.

"ಹಿಂಗ ಮೈಗಳ್ಳತನ ಮಾಡಿದ್ರ ಕುರಿ ಹಿಂದ ಹೋಗ್ತಿ ನೋಡು ಜಿಂದಗಿಪೂರ್ತಿ!"

ಹುಡುಗಿ ಗೆರೆಯ ಮೇಲೆ ಕೂತು ಸುಣ್ಣವನ್ನು ಬೆರಳಿನಿಂದ ಒರೆಸುತ್ತಿದ್ದಳು.

ಈಗ ನನ್ನ ತಪ್ಪು. ನನ್ನ ಪೀರಿಯಡ್ಡಿನಲ್ಲಿ ಅವಳು ಬೆಂಚಿಗೆ ತಲೆ ಹಚ್ಚಿ ಮಲಗುತ್ತಿದ್ದಳು. ಎಬ್ಬಿಸಿ ಪ್ರಶ್ನೆ ಕೇಳಿದರೆ, ಮೊನ್ನೆ ತಾನೇ ಹೇಳಿದ್ದು ನೆನಪಿರುತ್ತಿರಲಿಲ್ಲ. ಎರಡು ಸಲ ಬೈದೆ. ಮೂರನೆಯ ಸಲ, "ನಿಂದ್ರು, ಗಂಟೆ ಬಾರಿಸೋತನಕ ನಿಂತೇ ಇರು" ಎಂದೆ. ಕಾಲು ತಾಸಿನಲ್ಲಿ ಮುಖ ಬೆಳ್ಳಗಾಗಿ ದೊಪ್ಪನೆ ಬಿದ್ದಳು. ನೀರು ಚಿಮುಕಿಸಿದೆವು, ಎದ್ದಳು. "ಊಟ ಮಾಡಿಲ್ಲ ಕಾಣ್ತದ" ಅಂದುಕೊಂಡೆ. ಬಿಸಿಯೂಟದವರಿಗೆ ಹೇಳಿ ಒಂದು ಮುಷ್ಟಿ ಅನ್ನ ಹೆಚ್ಚು ಹಾಕಿಸಿದೆ. ಅಷ್ಟಕ್ಕೇ ನನ್ನ ಮನಸ್ಸು ಸಮಾಧಾನವಾಯಿತು.

ಅದೇ ಸಂಜೆ ಮನೆಗೆ ಬಂದರೆ ವೃಂದಾ ಮಂಚದ ಮೇಲೆ ಮಲಗಿ ಎರಡೂ ಕಾಲು ಗೋಡೆಗೆ ಆನಿಸಿಕೊಂಡಿದ್ದಳು. ಅವಳಿಗೂ ಎದ್ದು ನಿಂತರೆ ಎದೆ ಹೊಡೆದುಕೊಳ್ಳುತ್ತಿತ್ತು, ತಲೆ ನೋವು, ಓದಿದ್ದು ನಿಲ್ಲುತ್ತಿರಲಿಲ್ಲ. ಅವಳನ್ನು ರಾಯಚೂರಿಗೆ ಕರೆದೊಯ್ದಿದ್ದೆವು, ಅಲ್ಲಿಂದ ಹೈದರಾಬಾದಿಗೂ. ಕೊರೊನಾ ಹೋದಮೇಲೂ ಕೆಲವು ಮಕ್ಕಳಲ್ಲಿ ಹೀಗೆ ತಿಂಗಳುಗಟ್ಟಲೆ ಉಳಿಯುತ್ತದೆ, ಅದಕ್ಕೆ ಲಾಂಗ್ ಕೋವಿಡ್ ಎನ್ನುತ್ತಾರೆ ಎಂದು ಡಾಕ್ಟರರು ಬರೆದುಕೊಟ್ಟಿದ್ದರು. ಆ ಕಾಗದ ನೋಡಿ ಅವಳ ಶಾಲೆಯವರು ಪಿ.ಟಿ. ಬಿಡಿಸಿದ್ದರು, ಪರೀಕ್ಷೆಗೆ ಹೆಚ್ಚು ಹೊತ್ತು ಕೊಟ್ಟಿದ್ದರು. ಮಧ್ಯಾಹ್ನ ಒಬ್ಬಳನ್ನು ನಿಲ್ಲಿಸಿ ಬೀಳಿಸಿದ ನಾನು, ಸಂಜೆ ಇನ್ನೊಬ್ಬಳ ಹಣೆಗೆ ಎಣ್ಣೆ ಹಚ್ಚಿ ಕೂತಿದ್ದೆ. ಎರಡೂ ಒಂದೇ ಎಂದು ನನಗೆ ಹೊಳೆಯಲೇ ಇಲ್ಲ, ಅದೂ ನಾನು ವಿಜ್ಞಾನದ ಟೀಚರ್.

ಹೊಳೆದದ್ದು ಪರಮಣ್ಣ ಸರ್‌ಗೆ.

ಡಿಸೆಂಬರಿನ ಒಂದು ಭಾನುವಾರ ಉತ್ತರಪತ್ರಿಕೆಯ ಕಟ್ಟು ಕೊಡಲು ಅವರು ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ವೃಂದಾ ಒಳಗಿನಿಂದ ಬಂದು, ಅಂಗಳದ ತುಳಸಿಕಟ್ಟೆಯವರೆಗೆ ನಡೆದು, ಅಲ್ಲಿ ಕೂತು, ಮತ್ತೆ ಎದ್ದು ಬಂದು ಮಲಗಿದಳು. ಅಷ್ಟಕ್ಕೇ ಏದುಸಿರು.

"ಏನಾಗ್ಯಾದ್ರೀ ಪಾಪುಗ?" ಎಂದರು.

ನಾನು ಎಲ್ಲ ಹೇಳಿದೆ. ಫೈಲು ತೋರಿಸಿದೆ. ಓಡಿದರೆ ಅಥವಾ ಹೆಚ್ಚು ದಣಿದರೆ ಮರುದಿನ ಹಾಸಿಗೆ ಹಿಡಿಯುತ್ತಾಳೆ ಎಂದೆ. ಅವರು ಚಹಾದ ಕಪ್ಪು ಕೆಳಗಿಟ್ಟರು.

"ಟೀಚರ್, ಇದು ದೇವಿಕಾಂದೂ ಹೌದಲ್ರೀ?"

ನಾನು ತೆರೆದಿದ್ದ ಫೈಲು ಮುಚ್ಚಿದೆ.

"ಅಕಿನೂ ಓಡಿದ ಮರುದಿನ ಸಾಲಿಗೆ ಬರಂಗಿಲ್ಲ. ಅಕಿನೂ ನಿಂತ್ರ ಬೀಳ್ತಾಳ. ನಿಮ್ಮ ಪಾಪುಗಾದ್ರ ಬ್ಯಾನಿ, ಅಕಿಗಾದ್ರ ಮೈಗಳ್ಳತನ ಅಂದೆ ನಾನು. ನಾ ಅಂದೆ ಟೀಚರ್, ನೀವಲ್ಲ."

ನಾನೂ ಅಂದಿದ್ದೆ. ಅವರು ನನ್ನನ್ನು ಅದರಿಂದ ಬಿಡಿಸಲು ನೋಡಿದರು, ಅಷ್ಟೆ.

ಮರುದಿನ ವಿಚಾರಿಸಿದರೆ ದೇವಿಕಾ ಊರಿನಲ್ಲೇ ಇರಲಿಲ್ಲ. ಓದೂ ಹತ್ತುವುದಿಲ್ಲ, ಆಟವೂ ಹತ್ತುವುದಿಲ್ಲ ಎಂದು ಶಾಲೆ ಬಿಡಿಸಿ, ಅವ್ವ ಅಪ್ಪ ಕುರಿಗಳ ಜೊತೆ ಕರೆದುಕೊಂಡು ಹೋಗಿದ್ದರು. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವ ಕಾಲ ಅದು. ದೇವದುರ್ಗದ ಕಡೆ ಹೋಗ್ಯಾರ ಎಂದಷ್ಟೇ ಹಟ್ಟಿಯವರು ಹೇಳಿದರು. ಪರಮಣ್ಣ ಸರ್ ಒಂದು ದಿನ ರಜೆ ಹಾಕಿ ಬೈಕ್ ಹತ್ತಿದರು. ಕಾಲುವೆ ದಾರಿಯುದ್ದಕ್ಕೂ ಕಂಡ ಕಂಡ ಮಂದೆಯ ಹತ್ತಿರ ನಿಲ್ಲಿಸಿ ಕೇಳುತ್ತ ಹೋದರಂತೆ. ಕೇಳಬೇಕಾದ ರೀತಿ ಅವರಿಗೆ ಗೊತ್ತಿತ್ತು. ಕುರಿಯ ಕಿವಿಯ ಗುರುತು ಹೇಳಿದರೆ ಯಾರ ಮಂದೆ, ಎತ್ತ ಹೋಯಿತು ಎಂದು ಕುರಿಗಾರರು ಹೇಳುತ್ತಾರೆ. ಮೂರು ಗಂಟೆಯ ಹೊತ್ತಿಗೆ ದೇವದುರ್ಗದಾಚೆಯ ಒಂದು ಗದ್ದೆಯಲ್ಲಿ ಸಿಕ್ಕರು.

ಮುಂದಿನದನ್ನು ನನಗೆ ಹೇಳಿದವಳು ಆದೆಮ್ಮ.

ದೇವಿಕಾ ಕುರಿಗಳಿಗೆ ಬಲೆ ಕಟ್ಟಿದ ಕಡೆ, ಮರದ ನೆರಳಿನಲ್ಲಿ ಕಂಬಳಿಯ ಮೇಲೆ ಮಲಗಿದ್ದಳು. ಸರ್‌ರನ್ನು ಕಂಡು ಗಾಬರಿಯಿಂದ ಎದ್ದು ನಿಲ್ಲಲು ಹೋದಳು. ಅವರು ಓಡಿ ಬಂದು ಎರಡೂ ಕೈ ಅಡ್ಡ ಹಿಡಿದರು.

"ಏಳಬ್ಯಾಡ ಯವ್ವ. ಮಲಕ್ಕೊ. ನಾನೇ ಕುಂದ್ರತೀನಿ."

ನೆಲದ ಮೇಲೆ ಕೂತರು.

"ನಾ ಬೈದೆನಲ್ಲ, ಅದು ತಪ್ಪಾತು. ನಿನಗ ಆರಾಮಿಲ್ಲ. ನೀ ಮೈಗಳ್ಳತನ ಮಾಡಾಕತ್ತಿದ್ದಿಲ್ಲ. ನನಗ ಗೊತ್ತಾಗಲಿಲ್ಲ. ಮಾಫ್ ಮಾಡ್ತಿ?"

ಹುಡುಗಿ ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ಅತ್ತಳು. ಗುರುಸಿದ್ದ ದಿಕ್ಕು ತೋಚದೆ ಕುರಿಗಳ ಕಡೆ ಹೋಗಿಬಿಟ್ಟ. ಆದೆಮ್ಮ ಮಾತ್ರ ಅಲ್ಲೇ ನಿಂತಿದ್ದಳು.

"ಎಲ್ಲಾರೂ ಗಾಳಿ ಸೋಕ್ಯಾದ ಅಂದ್ರು, ಕಳ್ಳಾಟ ಅಂದ್ರು, ಮದವಿ ಮಾಡಿದ್ರ ಸರಿಹೋಗ್ತದ ಅಂದ್ರು ಮಾಸ್ತರ್ರ. ನಾ ಒಬ್ಬಾಕಿ ನಂಬಿದ್ದೆ. ಕೊಡ ಹೊರೋದು, ಮರಿ ಎತ್ತೋದು, ಅಕಿ ಕೆಲಸನೆಲ್ಲ ಯಾರೂ ಇಲ್ಲದಾಗ ನಾ ಮಾಡಿ, ಮಗಳು ಮಾಡಿದ್ಲು ಅಂತ ಹೇಳ್ತಿದ್ದೆ. ನಾ ಹಡದೀನ್ರೀ. ನನಗ ತಿಳಿಯಂಗಿಲ್ಲೇನು?"

ಪರಮಣ್ಣ ಸರ್ ಆ ತಾಯಿಗೆ ಕೈ ಮುಗಿದರು.

ಆ ವಾರವೇ ದೇವಿಕಾಳನ್ನು ರಾಯಚೂರಿಗೆ ಕರೆತಂದೆವು. ಮೊದಲು ತೋರಿಸಿದ ಕಡೆ ಡಾಕ್ಟರು ತಲೆ ಎತ್ತದೆಯೇ ಕೇಳಿದರು: "ಪಾಸಿಟಿವ್ ರಿಪೋರ್ಟ್ ಅದ?" ಇಲ್ಲ. "ಹಂಗಾರ ಕೋವಿಡ್ ಅಂತ ಹ್ಯಾಂಗ ಹೇಳಬೇಕು? ಕುರಿ ಕಾಯೋ ಮಂದಿ ಮಕ್ಕಳು ಗಟ್ಟಿ ಇರ್ತಾವ. ರಕ್ತ ಕಡಿಮಿ ಇರಬೇಕು." ಒಂದು ಟಾನಿಕ್ ಬರೆದರು. ಹೊರಗೆ ಬಂದಮೇಲೆ ಆದೆಮ್ಮ ಚೀಟಿಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು, "ನಡ್ರಿ ಹೋಗೂಣು" ಎಂದಳು. ಪರಮಣ್ಣ ಸರ್ ಕದಲಲಿಲ್ಲ.

"ಟೀಚರ್, ನಿಮ್ಮ ಪಾಪುನ ತೋರಿಸಿದ್ರಲ್ಲ, ಆ ಡಾಕ್ಟರ ಎಲ್ಲಿರ್ತಾರ?"

ರಾಯಚೂರಿನಲ್ಲೇ ಇದ್ದ ವೃಂದಾಳ ಡಾಕ್ಟರು ವಯಸ್ಸಾದವರು, ನಿಧಾನದವರು. ರಿಪೋರ್ಟು ಕೇಳಲಿಲ್ಲ. ಮನೆಯಲ್ಲಿ ಯಾರ್‍ಯಾರಿಗೆ ಜ್ವರ ಬಂದಿತ್ತು, ಯಾವಾಗ, ವಾಸನೆ ಹೋಗಿತ್ತೇ ಎಂದು ಆದೆಮ್ಮನನ್ನು ಕೇಳಿದರು. ರಕ್ತಪರೀಕ್ಷೆ ಮಾಡಿಸಿದರು, ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ದೇವಿಕಾಳನ್ನು ಮಲಗಿಸಿ ನಾಡಿ ಎಣಿಸಿದರು. ಎಪ್ಪತ್ತೆಂಟು. ಗೋಡೆಯ ಪಕ್ಕ ಹತ್ತು ನಿಮಿಷ ನಿಲ್ಲಿಸಿ, ತಾವೂ ಪಕ್ಕದಲ್ಲೇ ನಿಂತು ಎಣಿಸುತ್ತ ಹೋದರು. ನೂರಾ ಇಪ್ಪತ್ತನಾಲ್ಕು.

"ಸುಮ್ಮನೆ ನಿಂತ್ರ ಈ ಹುಡುಗಿ ಎದಿ ಓಡಾಕತ್ತದ," ಎಂದರು ಅವರು. "ನೀವು ಇನ್ನೂ ಓಡಿಸೀರಿ."

ಪರಮಣ್ಣ ಸರ್ ಬೇರೆ ಕಡೆ ಮುಖ ತಿರುಗಿಸಿದರು.

ಇವಳದೂ ಲಾಂಗ್ ಕೋವಿಡ್ಡೇ, ಇದಕ್ಕೆ ಒಂದೇ ಏಟಿಗೆ ಗುಣಪಡಿಸುವ ಔಷಧಿ ಇರಲಿಲ್ಲ. ದಣಿಯುವ ಮೊದಲೇ ನಿಲ್ಲಬೇಕು, ನೀರು ಹೆಚ್ಚು ಕುಡಿಯಬೇಕು, ಮೈ ಒಪ್ಪಿದಷ್ಟೇ ಬೆಳೆಸುತ್ತ ಹೋಗಬೇಕು ಎಂದರು ಡಾಕ್ಟರು. ಓಡಿಸುವುದನ್ನೇ ಮೂವತ್ತು ವರ್ಷ ಮಾಡಿದ ಮನುಷ್ಯ ಈಗ ನಿಲ್ಲಿಸುವುದನ್ನು ಕಲಿಯಬೇಕಾಯಿತು. ಅವರು ಅದನ್ನೂ ಓಟದ ತಾಲೀಮಿನಷ್ಟೇ ಶಿಸ್ತಿನಿಂದ ಹಿಡಿದರು. ಗುರುಸಿದ್ದನನ್ನು ಒಪ್ಪಿಸಿ ಮಗಳನ್ನು ಊರಿಗೆ ಕರೆಸಿದರು. ಆಟದ ಸಾಮಾನಿನ ಕೋಣೆಯನ್ನು ತೆರವು ಮಾಡಿ ಅಲ್ಲಿ ಜಿಗಿತದ ದಪ್ಪ ಹಾಸು ಹಾಸಿದರು. ಎರಡು ಪೀರಿಯಡ್ ಪಾಠ, ಒಂದು ಪೀರಿಯಡ್ ಅಲ್ಲಿ ಮಲಗುವುದು. ಹೆಡ್ ಮಾಸ್ತರರು ತಕರಾರು ತೆಗೆದಾಗ, "ಅಕಿ ಪಿ.ಟಿ. ಮಾಡಾಕತ್ತಾಳ್ರೀ ಸರ್. ಇದು ಅಕಿ ಪಿ.ಟಿ." ಎಂದರು. ಮೈದಾನದಲ್ಲಿ ಇಪ್ಪತ್ತು ಹೆಜ್ಜೆ ನಡೆಸಿ, ಅವಳಿಗೆ ಇನ್ನೂ ಬೇಕೆನಿಸುವಾಗಲೇ ಕೂರಿಸುತ್ತಿದ್ದರು. ಅವಳು ಹಟ ಮಾಡುತ್ತಿದ್ದಳು.

"ಸರ್, ಇನ್ನ ಹತ್ತ ಹೆಜ್ಜಿ. ಆಗ್ತದ ನನಗ."

"ಆಗೋದು ಗೊತ್ತದ ಯವ್ವ. ಆ ಹತ್ತು ನಾಳಿಗಿರ್ಲಿ. ಕುಂದ್ರು."

ಒಮ್ಮೆ ರಾಯಚೂರಿನಿಂದ ಬರುವಾಗ ದೇವಿಕಾಳಿಗೆ ಬಸ್ಸಿನಲ್ಲಿ ತಲೆ ಸುತ್ತಿ ಮಾನ್ವಿಯಲ್ಲಿ ಇಳಿಸಿ ನಮ್ಮ ಮನೆಗೆ ಕರೆತಂದೆ. ಅವಳು, ಆದೆಮ್ಮ ಇಬ್ಬರೂ ಕಟ್ಟೆಯ ಮೇಲೇ ಕೂತರು. ನಾನೂ "ಒಳಗೆ ಬರ್ರಿ" ಎನ್ನಲು ಒಂದು ಕ್ಷಣ ತಡಮಾಡಿದೆ. ನಮ್ಮದು ಮಡಿಯ ಮನೆ. ಹಳೇ ಕಾಲದಿಂದ ಕಟ್ಟೆಯವರೆಗೆ ಬರುವವರು ಯಾರು, ಒಳಗೆ ಬರುವವರು ಯಾರು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದೆ ನಡೆಸಿಕೊಂಡು ಬಂದ ಮನೆ. ಆ ಒಂದು ಕ್ಷಣದಲ್ಲಿ ವೃಂದಾ ಹೊರಗೆ ಬಂದು ದೇವಿಕಾಳ ಮುಖ ನೋಡಿದಳು.

"ಎದಿ ಹೊಡ್ಕೊಳ್ಳಾಕತ್ತದ? ಕೂಡಬಾರ್ದು, ಮಲಗಬೇಕು. ಬಾ."

ಕೈ ಹಿಡಿದು ನಡುಮನೆ ದಾಟಿಸಿ ತನ್ನ ಮಂಚದ ಮೇಲೆ ಮಲಗಿಸಿದಳು. ಕಾಲು ಗೋಡೆಗೆ ಹೇಗೆ ಆನಿಸಬೇಕೆಂದು ತೋರಿಸಿದಳು. ತಾನೂ ಪಕ್ಕದಲ್ಲಿ ಮಲಗಿದಳು. ನಾನು ಆದೆಮ್ಮನ ಕಡೆ ತಿರುಗಿ, "ನೀನೂ ಬಾರವ್ವ" ಎಂದೆ. ಒಳಗಿನಿಂದ ಇಬ್ಬರೂ ಹುಡುಗಿಯರ ಪಿಸುಮಾತು ಕೇಳುತ್ತಿತ್ತು. "ನಿನಗ ಓದಿದ್ದು ನೆನಪಿರಂಗಿಲ್ಲೇನು?" "ಇಲ್ಲ. ನಿನಗ?" "ನನಗೂ ಇಲ್ಲ." ಆಮೇಲೆ ಇಬ್ಬರೂ ನಕ್ಕರು. ತನ್ನಂಥ ಇನ್ನೊಬ್ಬಳು ಇದ್ದಾಳೆಂದು ದೇವಿಕಾಳಿಗೆ ಅವತ್ತೇ ಗೊತ್ತಾದದ್ದು. ನಮ್ಮ ವೃಂದಾಳಿಗೂ.

ಎರಡು ವರ್ಷ ಕಳೆಯಿತು. ಡಾ. ಪ್ರಿಯದರ್ಶಿನಿ ಎಂಬ ತರುಣ ವೈದ್ಯೆ ಮಕ್ಕಳಲ್ಲಿ ಕೊರೊನಾದ ಬಳಿಕ ಉಳಿದ ತೊಂದರೆಗಳ ಸಮೀಕ್ಷೆಗೆಂದು ನಮ್ಮ ಶಾಲೆಗೆ ಬಂದರು. ಪಾಸಿಟಿವ್ ರಿಪೋರ್ಟ್ ಇದ್ದ ಮಕ್ಕಳನ್ನಷ್ಟೇ ಕೇಳುವ ಫಾರ್ಮು. ಮಾನ್ವಿ ಪಟ್ಟಣದಲ್ಲಿ ಹನ್ನೊಂದು ಮಕ್ಕಳು ಸಿಕ್ಕಿದ್ದರು. ನಮ್ಮೂರಿನ ಕುರಿಹಟ್ಟಿಯ ಸಾಲಿನಲ್ಲಿ ಸೊನ್ನೆ.

"ಒಳ್ಳೇ ಸುದ್ದಿ ಅಲ್ವಾ ಸರ್? ಈ ಸಮುದಾಯದ ಮಕ್ಕಳಿಗೆ ಇದು ಅಷ್ಟಾಗಿ ತಟ್ಟಿಲ್ಲ ಅನ್ಸುತ್ತೆ," ಎಂದರು. ಮೈಸೂರು ಕಡೆಯ ಮಾತು.

ಪರಮಣ್ಣ ಸರ್ ಆ ಸೊನ್ನೆಯ ಮೇಲೆ ಬೆರಳಿಟ್ಟರು. "ಇದು ಮಕ್ಕಳಿಗೆ ಬ್ಯಾನಿ ಇಲ್ಲಂತ ಅಲ್ರೀ ಮೇಡಂ. ಕೇಳಿದವರಿಲ್ಲಂತ."

ಆಮೇಲೆ ಕಪಾಟಿನಿಂದ ತಮ್ಮ ಕ್ರೀಡಾ ರಿಜಿಸ್ಟರ್ ತೆಗೆದರು. ಪ್ರತಿ ವರ್ಷ ಪ್ರತಿ ಮಗುವಿನ ಓಟದ ಸಮಯ ಬರೆದಿಡುವುದು ಅವರ ರೂಢಿ, ಯಾರೂ ಕೇಳದಿದ್ದರೂ. ಶಾಲೆ ಮುಚ್ಚುವ ಮೊದಲಿನ ಸಮಯ, ತೆರೆದ ನಂತರದ ಸಮಯ ಪಕ್ಕಪಕ್ಕ ಇಟ್ಟರು. ಬೆಳೆಯುವ ಮಕ್ಕಳು ಎರಡು ವರ್ಷದಲ್ಲಿ ಚುರುಕಾಗಬೇಕು. ದೇವಿಕಾಳನ್ನು ಬಿಟ್ಟು ಇನ್ನೂ ಒಂಬತ್ತು ಮಕ್ಕಳು ತೀರಾ ಹಿಂದೆ ಬಿದ್ದಿದ್ದರು. ಅವರಲ್ಲಿ ಆರು ಮಂದಿ ಹಟ್ಟಿಯವರು, ಕೂಲಿಯವರ ಓಣಿಯವರು. ಒಬ್ಬರ ಹತ್ತಿರವೂ ರಿಪೋರ್ಟ್ ಇಲ್ಲ. ಮೂವರು ಆಗಲೇ ಶಾಲೆ ಬಿಟ್ಟಿದ್ದರು.

ಪ್ರಿಯದರ್ಶಿನಿ ಆ ಪುಟಗಳನ್ನು ತಿರುವಿ ನೋಡಿದರು. "ಇದನ್ನ ಪುರಾವೆ ಅನ್ನೋಕಾಗಲ್ಲ ಸರ್. ಊಟ ಕಮ್ಮಿ ಇರಬಹುದು, ರಕ್ತ ಕಮ್ಮಿ ಇರಬಹುದು."

"ಇರಬಹುದ್ರೀ. ಅದನ್ನ ತಿಳಕೊಳ್ಳಾಕರೆ ಅವರ ಮನಿತನಕ ಬರ್ಬೇಕಲ್ರೀ."

ಅವರು ಬಂದರು. ತಮ್ಮ ಮೇಲಿನವರಿಗೆ ಬರೆದು ಫಾರ್ಮಿನಲ್ಲಿ ಒಂದು ಪ್ರಶ್ನೆ ಸೇರಿಸಿದರು: ರಿಪೋರ್ಟ್ ಇಲ್ಲದಿದ್ದರೆ, ಆ ತಿಂಗಳುಗಳಲ್ಲಿ ಮನೆಯಲ್ಲಿ ಜ್ವರ ಬಂದಿತ್ತೇ? ಪರಮಣ್ಣ ಸರ್ ಬೈಕಿನಲ್ಲಿ ಮುಂದೆ, ಅವರ ಜೀಪು ಹಿಂದೆ. ಮೊದಲ ದಿನ ತಾಯಂದಿರು ಬಾಯಿ ಬಿಡಲಿಲ್ಲ. ಹೆಣ್ಣುಮಗಳಿಗೆ ಬ್ಯಾನಿ ಅದ ಅಂದರೆ ಯಾರು ಮಾಡಿಕೊಳ್ಳುತ್ತಾರೆ ಎಂಬ ಅಂಜಿಕೆ. ಎರಡನೆಯ ದಿನ ಆದೆಮ್ಮ ತಾನಾಗಿ ಜೊತೆಗೆ ಹೊರಟಳು. ಪ್ರತಿ ಮನೆಯ ಬಾಗಿಲಲ್ಲಿ ನಿಂತು ತನ್ನ ಮಗಳ ಕಥೆಯನ್ನು ಮೊದಲು ತಾನೇ ಹೇಳಿದಳು. ಆಮೇಲೆ ಬೇರೆಯವರೂ ಹೇಳಿದರು. ಆ ಒಂಬತ್ತರಲ್ಲಿ ನಾಲ್ವರದು ರಕ್ತಹೀನತೆ ಎಂದು ಗೊತ್ತಾಗಿ ಗುಳಿಗೆಯಿಂದ ಚೇತರಿಸಿಕೊಂಡರು. ಉಳಿದ ಐವರದು ದೇವಿಕಾಳಂಥದ್ದೇ. ಶಾಲೆ ಬಿಟ್ಟ ಮೂವರಲ್ಲಿ ಇಬ್ಬರು ತಿರುಗಿ ಬಂದರು. ಒಬ್ಬಳಿಗೆ ಆಗಲೇ ಮದುವೆಯಾಗಿತ್ತು. ಆ ಮನೆಯಿಂದ ಹೊರಬಂದು ಪರಮಣ್ಣ ಸರ್ ಬೈಕ್ ಚಾಲೂ ಮಾಡದೆ ಆ ಬಾಗಿಲ ಕಡೆ ತಿರುಗಿದರು. "ಎರಡು ವರ್ಷದ ಹಿಂದ ಇಲ್ಲಿಗೂ ಬರಬೇಕಿತ್ತು ನಾ," ಎಂದರು.

ವೃಂದಾ ಈಗ ಬಹುಪಾಲು ಆರಾಮಾಗಿದ್ದಾಳೆ. ದೇವಿಕಾ ಅಷ್ಟು ಬೇಗ ಆಗಲಿಲ್ಲ. ಅವಳಿಗೆ ವಿಶ್ರಾಂತಿ ಸಿಕ್ಕಿದ್ದೇ ತಡವಾಗಿ. ಒಂದು ವರ್ಷ ಹಿಂದುಳಿದು ಎಸ್ಸೆಸ್ಸೆಲ್ಸಿ ಪಾಸಾದಳು. ಮಾನ್ವಿಯಲ್ಲಿ ಪಿಯುಸಿ ಓದುತ್ತಿದ್ದಾಳೆ, ವಾರಕ್ಕೆ ಒಂದು ದಿನ ನಮ್ಮ ಮನೆಗೆ ಬಂದು ಮಧ್ಯಾಹ್ನ ಮಲಗಿ ಹೋಗುತ್ತಾಳೆ. ಓಟ ಮತ್ತೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ನಡೆಯುತ್ತಾಳೆ, ನಡುವೆ ಒಂದು ಕಡೆ ಕೂರುತ್ತಾಳೆ. ಅವಳಿಗೆ ಅದರ ಬಗ್ಗೆ ನಾಚಿಕೆಯಿಲ್ಲ.

ಪರಮಣ್ಣ ಸರ್ ಹೋದ ವರ್ಷ ನಿವೃತ್ತರಾದರು. ಮನೆಯಲ್ಲಿ ಕೂರುವ ಜಾತಿಯಲ್ಲ. ಮೊನ್ನೆ ಬೆಳಿಗ್ಗೆ ಫೋನ್ ಮಾಡಿದ್ದರು. ಯರಗೇರಾ ಹತ್ತಿರ ಅವರ ಬೀಗರ ಊರಿನಲ್ಲಿ ಒಬ್ಬಳು ಹುಡುಗಿ, ಡೆಂಗ್ಯೂ ಬಂದು ಹೋಗಿ ಆರು ತಿಂಗಳಾದರೂ ಎದ್ದಿಲ್ಲವಂತೆ, ಮನೆಯವರು ನಾಟಕ ಅನ್ನುತ್ತಾರಂತೆ.

"ಏನಂತ ನನಗೂ ಗೊತ್ತಿಲ್ರೀ ಟೀಚರ್. ಹೋಗಿ ಅಕಿ ಹತ್ರ ಕುಂತು ಕೇಳೂಣಂತ. ಸೋಮವಾರ ಬರ್ತೀರೇನು?"

ಬರುತ್ತೇನೆ ಎಂದೆ. ಎಂಟೂವರೆ ಬಸ್ಸಿಗೆ.